ಆಯಿಯ ರಾಟಿ

ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಅಜ್ಜ ತೀರಿಕೊಂಡ ಮೇಲೆ ಬನಹಟ್ಟಿಯ ನಮ್ಮ ಮನೆಯಲ್ಲಿ ಆಯಿ, ಎಂದರೆ ನಮ್ಮ ಅಜ್ಜಿ, "ಗೊತ್ತಿಲ್ಲ" ಎನ್ನುವುದೊಂದನ್ನು ಬಿಟ್ಟರೆ ಮಾತೇ ನಿಲ್ಲಿಸಿದ್ದಳು. ಮಗ್ಗದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ರಾಟಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. "ಅವ್ವಗ ಅರಳು ಮರಳು ಆಗೈತಿ, ಇದಕ್ಕೇನ ಔಷಧ?" ಎಂದು ಕಾಕಾ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಓಣಿಯ ಹೆಂಗಸರೆದುರು ನಾನು ಕೇಳಿದೆ, "ಆಯಿ, ಇವತ್ತ ಯಾವ ವಾರ ಹೇಳ ನೋಡೂಣು?"

"ಗೊತ್ತಿಲ್ಲವಾ."

"ನನ್ನ ಹೆಸರು?"

"ಗೊತ್ತಿಲ್ಲ."

ಎಲ್ಲರೂ ನಕ್ಕರು. ಅವರು ಚಹಾಕ್ಕೆ ಒಳಗೆ ಹೋದಾಗ ನಾನು ರಾಟಿ ತಿರುಗಿಸಿದೆ. ಎಳೆ ಹರಿದು ನೂಲೆಲ್ಲ ಸಿಕ್ಕಾಯಿತು. ಆಯಿ ಬೆರಳು ಒದ್ದೆ ಮಾಡಿಕೊಂಡು, ನೋಡದೆಯೇ, ಹರಿದ ಎಳೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು ಹಾಕಿದಳು.

"ಇವತ್ತ ಸೋಮವಾರ. ನಿಮ್ಮ ಅಜ್ಜ ಹೋಗಿ ನಾಕ ತಿಂಗಳ ಹನ್ನೆರಡ ದಿನ ಆತು," ಎಂದಳು. "ಮಾತಾಡಾಕ ಮನಸ ಬರವಲ್ದು, ಕೂಸ."

ನಾನು ಯಾರಿಗೂ ಹೇಳಲಿಲ್ಲ.

ಸಂಜೆ ಕಾಕಾ ಸಿಕ್ಕಾದ ನೂಲನ್ನು ಎತ್ತಿ ಹಿಡಿದು, "ಇದನ್ನ ಯಾರು ಕೆಡಿಸ್ಯಾರ?" ಎಂದ. ಆಯಿ ನನ್ನ ಮುಖ ನೋಡಿದಳು.

"ಗೊತ್ತಿಲ್ಲಪಾ," ಎಂದಳು.

"ಅವ್ವನ ಕೈಯಾಗ ಇನ್ನ ಇದು ಬ್ಯಾಡ," ಎಂದು ಕಾಕಾ ರಾಟಿಯನ್ನು ಅಟ್ಟಕ್ಕೆ ಏರಿಸಿದ. ನಾನು ಕೆಳಗೆ ನಿಂತು ಏಣಿ ಹಿಡಿದಿದ್ದೆ.