ಒಂಬತ್ತು ಅಂಕದ ಕಾರ್ಡು

ನಲವತ್ತು ವರ್ಷದ ಹಿಂದೆ ಚೂಯಿಂಗ್ ಗಮ್ ಜೊತೆ ಬಿಟ್ಟಿ ಸಿಕ್ಕಿದ್ದ ಆ ಕ್ರಿಕೆಟ್ ಕಾರ್ಡಿಗೆ ಹತ್ತಕ್ಕೆ ಒಂಬತ್ತು ಅಂಕ ಬಂದಿತ್ತು. “ಇದರ ಮೇಲೆ ಆಟಗಾರನ ಸಹಿಯೂ ಇದ್ದಿದ್ದರೆ ದೇಶದಲ್ಲೇ ಸಾಟಿ ಇರುತ್ತಿರಲಿಲ್ಲ” ಎಂದು, ಹಳೆಯ ಕಾರ್ಡುಗಳ ಸ್ಥಿತಿ ನೋಡಿ ಅಂಕ ಕೊಡುವ ಪರೀಕ್ಷಕರು ಬರೆದಿದ್ದರು. ಕಾರ್ಡಿನಲ್ಲಿದ್ದ ಆ ಎಡಗೈ ಬೌಲರ್ ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿರಲಿಲ್ಲ. ಸುಳಿವು ಕೊಡಿ ಎಂದು ಕಾರ್ಡಿನ ಮಾಲೀಕ ಪೇಪರಿನಲ್ಲಿ ಹಾಕಿಸಿದ. ಬಂದವನು ಕಳ್ಳ. ಮುಸುಕು ಹಾಕಿಕೊಂಡು ನುಗ್ಗಿ, ಮಾಲೀಕನ ಎರಡು ಹಲ್ಲು ಉದುರಿಸಿ, ಕಾರ್ಡು ಸಿಗದೆ ಓಡಿದ್ದ. ಅಂದಿನಿಂದ ಸೋಫಾದ ಪಕ್ಕ ಒಂದು ಕಬ್ಬಿಣದ ರಾಡು ಇರುತ್ತಿತ್ತು.

ಇವತ್ತು ಮಧ್ಯಾಹ್ನ ಬಾಗಿಲು ತಟ್ಟಿದವನು ಕೋಟು ಹಾಕಿದ್ದ ಒಬ್ಬ ಬೋಳುತಲೆಯ ಮುದುಕ.

“ಪೇಪರಲ್ಲಿ ನೋಡ್ದೆ. ಕಾರ್ಡ್ ತೋರಿಸ್ತೀರಾ?”

ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ಭದ್ರವಾಗಿದ್ದ ಕಾರ್ಡನ್ನು ಮಾಲೀಕ ದೂರದಿಂದಲೇ ತೋರಿಸಿದ.

“ಡಬ್ಬಿಯಿಂದ ಆಚೆ ತೆಗೀರಿ.”

“ಯಾಕೆ?”

“ತೆಗೀರಿ ಸ್ವಾಮಿ, ಹೇಳ್ತೀನಿ.” ಮುದುಕ ನಗುತ್ತ ಇನ್ನೂ ಹತ್ತಿರ ಬಂದ. “ನನ್ನ ಗುರುತು ಸಿಗ್ಲಿಲ್ವಾ?”

ಅವನ ಕೈ ಕೋಟಿನ ಒಳಜೇಬಿಗೆ ಹೋಯಿತು.

“ಸಿಕ್ತು ಕಣೋ, ಕಳ್ಳ ನನ್ಮಗನೇ!”

ರಾಡಿನ ಮೊದಲ ಏಟು ಆ ಮೊಣಕೈಗೆ ಬಿತ್ತು. ಎರಡನೆಯದಕ್ಕೆ ಮಣಿಕಟ್ಟಿನ ಮೂಳೆ ಲಟಕ್ಕೆಂದಿತು. ಮುದುಕ ಕಿರುಚುತ್ತ ನೆಲಕ್ಕೆ ಬಿದ್ದ ಮೇಲೂ ಮಾಲೀಕ ಬಿಡಲಿಲ್ಲ. ಬೆರಳುಗಳನ್ನು ಮತ್ತೆ ಮತ್ತೆ ಜಜ್ಜಿದ. ಗೋಡೆಗೆಲ್ಲ ರಕ್ತ ಸಿಡಿಯಿತು.

“ಚಾಕು ತೆಗೀತೀಯಾ? ಈಗ ತೆಗಿ, ನೋಡೋಣ!” ಎಂದು ಏದುಸಿರು ಬಿಡುತ್ತ, ಬಿದ್ದವನ ಜೇಬಿಗೆ ತಾನೇ ಕೈ ಹಾಕಿದ.

ಜೇಬಿನಲ್ಲಿ ಇದ್ದದ್ದು ಒಂದು ಪೆನ್ನು, ನುಜ್ಜುಗುಜ್ಜಾಗಿದ್ದದ್ದು ಎಡಗೈ.