ಸುರುಳಿಯಲ್ಲಿ ಉಳಿದ ನಡುಕ

“ಮೇಡಂ, ಇದು ಹೃದಯದ ಬಡಿತವೇ ಅಲ್ಲ, ನೋಡಿ!” ವಿದ್ಯಾರ್ಥಿನಿ ಹಳದಿಗಟ್ಟಿದ ಕಾಗದದ ಸುರುಳಿಯನ್ನು ಮೇಜಿನುದ್ದಕ್ಕೂ ಬಿಚ್ಚಿದಳು. ಇಲಿಯಿಂದ ಹೊರತೆಗೆದು ನಿಲ್ಲಿಸಿದ ಹೃದಯವನ್ನು ಮತ್ತೆ ಎಬ್ಬಿಸುವಾಗ ಅದಕ್ಕೆಷ್ಟು ಪೆಟ್ಟಾಗುತ್ತದೆಂದು ತಿಳಿಯಲು, ಮೂವತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಯಂತ್ರ ಗೀಚಿದ ಗೆರೆ ಅದು. ಹೃದಯ ಮಿಡಿಯುವ ಮುಂಚೆ, ಸಪಾಟಾದ ಗೆರೆಯ ಮೇಲೆ ಎರಡು ಪುಟ್ಟ ನಡುಕ. “ಹದಿನಾರು ಸುರುಳೀಲೂ ಇದೆ, ನಮ್ಮದ್ರಲ್ಲಿ ಒಂದರಲ್ಲೂ ಇಲ್ಲ. ಇದೇನಾದ್ರೂ ಹೃದಯ ಏಳೋದರ ಹೊಸ ಸೂಚನೆ ಆಗಿದ್ರೆ ನನ್ನ ಪ್ರಬಂಧ ಗೆದ್ದ ಹಾಗೆ!”

ಸಂಶೋಧಕಿ ಕನ್ನಡಕ ಏರಿಸಿಕೊಂಡು ಬಗ್ಗಿದರು. ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. “ಅದು ನಮ್ಮ ಮೇಷ್ಟ್ರು ಕಣೇ. ಹೃದಯ ಏಳೋದು ಸ್ವಲ್ಪ ತಡ ಆದ್ರೂ ಅವರಿಗೆ ಜೀವ ತಡೀತಿರ್ಲಿಲ್ಲ. ಮಲಗಿರೋ ಮಗೂನ ಎಬ್ಬಿಸೋ ಹಾಗೆ ‘ಏಳಪ್ಪಾ, ಏಳು’ ಅಂತ ಎರಡು ಸಲ ಮೇಜು ತಟ್ಟೋರು. ಯಂತ್ರದ ಪೆನ್ನು ಅದನ್ನೂ ಬರೆದುಬಿಡ್ತಿತ್ತು. ರೆಕಾರ್ಡಿಂಗ್ ಹಾಳಾಗುತ್ತೆ ಸಾರ್ ಅಂತ ನಾನು ದಿನಾ ಜಗಳ ಆಡ್ತಿದ್ದೆ.”

ವಿದ್ಯಾರ್ಥಿನಿಯ ಮುಖ ಸಪ್ಪಗಾಯಿತು. ಸುರುಳಿ ಸುತ್ತತೊಡಗಿದಳು. ಪಕ್ಕದಲ್ಲಿ, ಗಾಜಿನ ಕೊಳವೆಗೆ ಕಟ್ಟಿದ್ದ ಇವತ್ತಿನ ಹೃದಯಕ್ಕೆ ಬೆಚ್ಚಗಿನ ದ್ರವ ಹರಿಯತೊಡಗಿ ಐದು ನಿಮಿಷವಾಗಿತ್ತು. ಪರದೆಯ ಗೆರೆ ಅಲುಗಿರಲಿಲ್ಲ.

“ಏಳಲಿಲ್ಲ ಅಂತ ಬರ್ಕೊಂಡುಬಿಡ್ಲಾ ಮೇಡಂ?”

“ತಡಿ,” ಎಂದರು ಅವರು. ಒಂದು ದಿನವೂ ದಾಖಲೆ ಕೆಡಿಸದ ಕೈ ಎತ್ತಿ, ಮೇಜನ್ನು ಮೆಲ್ಲಗೆ ಎರಡು ಸಲ ತಟ್ಟಿದರು. ಪರದೆಯ ಮೇಲೆ ಎರಡು ಪುಟ್ಟ ನಡುಕ ಮೂಡಿದವು.

“ಅಯ್ಯೋ, ರೆಕಾರ್ಡಿಂಗ್ ಹಾಳಾಗುತ್ತೆ ಮೇಡಂ!” ಎಂದಳು ವಿದ್ಯಾರ್ಥಿನಿ.