ಕಾಲರಕ್ಕನ ಬೆರಳು

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ತನ್ನ ಹೊಲಿಗೆ ಮಿಷನ್ನಿನ ಮುಂದೆ ಬೇರೊಬ್ಬಳು ಕೂತು ಕಾಲರ್ ಹೊಲಿಯುತ್ತಿದ್ದುದನ್ನು ಕಂಡು ಕಾಲರಕ್ಕ ನಿಂತಲ್ಲೇ ನಿಂತುಬಿಟ್ಟಳು. ಸೂಪರ್‌ವೈಸರ್ ಹುಡುಗಿ ತಲೆ ಎತ್ತದೆ ಚೀಟಿ ಚಾಚಿದಳು. ‘ಬೆರಳು ಜೋಮು ಹಿಡಿಯುತ್ತದೆ, ಹೊಲಿಗೆಗೆ ಬೇಡ, ದಾರ ಕತ್ತರಿಸಲು ಹಾಕಿ’ ಎಂದು ಅದರಲ್ಲಿ ಬರೆದಿತ್ತು.

ಆ ಜೋಮಿನ ಸಂಗತಿಯನ್ನು ಕಾಲರಕ್ಕ ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ. ನಿನ್ನೆ ಈ ಹುಡುಗಿಯೇ ಪಕ್ಕದಲ್ಲಿ ಕೂತು, “ಯಾಕಕ್ಕಾ ಮುಖ ಬಾಡಿದೆ? ಹೇಳು, ನನ್ ಹೊಟ್ಟೇಲೇ ಇರತ್ತೆ” ಎಂದು ಕೈ ಹಿಡಿದಾಗ ಕಾಲರಕ್ಕ ಹೇಳಿಬಿಟ್ಟಿದ್ದಳು. ಮೊದಲ ಕಾಲರ್ ಹೊಲಿಯಲು ಆ ಹುಡುಗಿಗೆ ಕಲಿಸಿದ್ದೂ ಅದೇ ಕೈ.

“ಮೇಲಿನವ್ರು ಕೇಳಿದ್ರು, ಏನ್ಮಾಡ್ಲಿ? ದಾರ ಕತ್ತರಿಸೋದು ಹಗುರದ ಕೆಲ್ಸ ಬಿಡು. ಕೈ ಈಗ ಹೇಗಿದೆ ಅಕ್ಕಾ?”

ಇಷ್ಟು ವರ್ಷ ತಂಗಿ ಎಂದೇ ಕರೆದವಳನ್ನು ಕಾಲರಕ್ಕ ಒಮ್ಮೆ ನೋಡಿ, ಕತ್ತರಿ ಎತ್ತಿಕೊಂಡಳು.

“ಚೆನ್ನಾಗಿದೆ ಮೇಡಂ,” ಎಂದಳು.